ನದಿ ನಡೆಸಿದ ಗಿರಣಿ

ಗೋಕಾಕ ಜಲಪಾತಕ್ಕೆ ಶಾಲಾ ಪ್ರವಾಸ ಹೋದಾಗ ಮಕ್ಕಳೆಲ್ಲ ನೀರು ನೋಡುತ್ತ ನಿಲ್ಲುತ್ತಾರೆ. ದಂಡೆಯ ಮೇಲಿನ ಹತ್ತಿ ಗಿರಣಿಯತ್ತ ಕಣ್ಣು ಹಾಯಿಸುವವರು ಕಡಿಮೆ. ಒಮ್ಮೆ ಒಬ್ಬ ಹುಡುಗ ಮಾತ್ರ ಕೇಳಿದ: "ಸರ, ಇಷ್ಟ ದೊಡ್ಡ ಗಿರಣಿ ಈ ಕಲ್ಲಬಂಡಿ ನಡುವ ಯಾಕ ಕಟ್ಯಾರ್ರೀ?"

ಉತ್ತರ ಅವನ ಪಠ್ಯಪುಸ್ತಕದಲ್ಲೇ ಇತ್ತು. ಇಲ್ಲಿ ಘಟಪ್ರಭಾ ನದಿ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತದೆ. ಒಂದು ಘನ ಮೀಟರ್ ನೀರಿನ ದ್ರವ್ಯರಾಶಿ 1,000 ಕಿಲೋಗ್ರಾಂ. ಅದನ್ನು ಗುರುತ್ವ ವೇಗೋತ್ಕರ್ಷ 9.8ರಿಂದಲೂ ಎತ್ತರದಿಂದಲೂ ಗುಣಿಸಿ ನೋಡಿ. ಸುಮಾರು 5 ಲಕ್ಷ ಜೂಲ್ ಶಕ್ತಿ!

ಆ ಕಾಲದ ಮುಂಬಯಿ ಗಿರಣಿಗಳು ಕಲ್ಲಿದ್ದಲು ಸುಟ್ಟು ಉಗಿಯಂತ್ರ ಓಡಿಸುತ್ತಿದ್ದವು. ಇಲ್ಲಿ ಆ ಕೆಲಸವನ್ನು ನದಿಯೇ ಮಾಡಿತು. 1887ರಲ್ಲಿ ಗಿರಣಿ ಆರಂಭವಾದಾಗ, ಕೊಳವೆಗಳಲ್ಲಿ ಇಳಿದ ನೀರು ಕಣಿವೆಯ ತಳದ ಟರ್ಬೈನ್‌ಗಳನ್ನು ತಿರುಗಿಸುತ್ತಿತ್ತು. ಆ ಚಲನೆ ಹಗ್ಗ, ರಾಟೆಗಳ ಮೂಲಕ ಮೇಲಿನ ಯಂತ್ರಗಳನ್ನು ಮುಟ್ಟುತ್ತಿತ್ತು. ಹತ್ತಿ ನೂಲಾಗುತ್ತಿತ್ತು. ಗಿರಣಿಯ ಸುತ್ತ ಕಾರ್ಮಿಕರ ಊರೇ ಬೆಳೆಯಿತು.

ಇಷ್ಟು ಹೇಳಿ ಮುಗಿಸಿದಾಗ ಹುಡುಗ ಮೆಲ್ಲಗೆ, "ನಮ್ಮಜ್ಜ ಇಲ್ಲೇ ಕೆಲಸಕ್ಕಿದ್ರು ಸರ" ಎಂದ. ಏನು ಕೆಲಸವೆಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ವಿಚಾರಿಸೋಣವೆಂದರೆ ಅಜ್ಜ ತೀರಿಕೊಂಡು ವರ್ಷವಾಗಿತ್ತು.

ಪಾಲಕರೇ, ನಿಮ್ಮ ಊರಲ್ಲೂ ಒಂದು ಹಳೆಯ ಗಿರಣಿ ಇದ್ದೀತು. ಅದರಲ್ಲಿ ದುಡಿದ ಹಿರಿಯರೂ ಇದ್ದಾರು. ಸೂತ್ರಗಳು ಪುಸ್ತಕದಲ್ಲಿ ಉಳಿಯುತ್ತವೆ, ಎಂದಾದರೂ ಓದಬಹುದು. ಹಿರಿಯರ ಅನುಭವವನ್ನು ಅವರಿರುವಾಗಲೇ ಕೇಳಬೇಕು. ಈ ರಜೆಯಲ್ಲಿ ಮಕ್ಕಳ ಕೈಗೊಂದು ನೋಟುಬುಕ್ ಕೊಟ್ಟು ಅವರ ಬಳಿ ಕೂರಿಸಿ.