ಸುಗ್ಗಿಯಲ್ಲೇ ಕೊಳ್ಳೋಣ

ನಮ್ಮ ಆನಂದಪುರದಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಬಿಡುವುದು ಸೆಪ್ಟೆಂಬರ್‌ಗೆ. ಆ ದಿನಗಳಲ್ಲಿ ಕೂಲಿ ಕಡಿಮೆ, ತುಂಬುವುದು ಅಂಗಡಿಯ ಉದ್ರಿ ಪುಸ್ತಕ ಮಾತ್ರ. ಅದಕ್ಕೇ ನಮ್ಮ ಹಿರಿಯರು ಫೆಬ್ರವರಿ, ಮಾರ್ಚ್‌ನಲ್ಲಿ ಹೊಸ ಹುಣಸೆ ಕೊಂಡು, ಬೀಜ ತೆಗೆದು, ಉಪ್ಪು ಬೆರೆಸಿ ಭರಣಿಗೆ ತುಂಬುತ್ತಿದ್ದರು. ಒಣಮೆಣಸಿಗೂ ಅದೇ ಕಾಲ. ಮೇ ತಿಂಗಳಲ್ಲಿ ಹಲಸಿನ ಹಪ್ಪಳ. ಈರುಳ್ಳಿಯನ್ನು ಮಾತ್ರ ಮೂಟೆಗಟ್ಟಲೆ ತರಬೇಡಿ, ನಮ್ಮ ಮಲೆನಾಡಿನ ತೇವಕ್ಕೆ ಕೊಳೆಯುತ್ತದೆ.

ಹೀಗೆ ಕೂಡಿಡುವುದು ತವಕ್ಕುಲ್‌ಗೆ ವಿರುದ್ಧವಲ್ಲವೇ ಎಂದು ಕೆಲವರು ಕೇಳುತ್ತಾರೆ. ಅಲ್ಲ. ಪ್ರವಾದಿ(ಸ) ತಮ್ಮ ಮನೆಯವರಿಗಾಗಿ ಒಂದು ವರ್ಷದ ಆಹಾರ ತೆಗೆದಿಡುತ್ತಿದ್ದರೆಂದು ಉಮರ್(ರ) ತಿಳಿಸಿದ್ದು ಸಹೀಹ್ ಬುಖಾರಿಯಲ್ಲಿದೆ. ನಿಷಿದ್ಧವಾದದ್ದು ಇಹ್ತಿಕಾರ್, ಅಂದರೆ ಬೆಲೆ ಏರಲೆಂದು ಜನರಿಗೆ ಬೇಕಾದ ಸರಕನ್ನು ಮಾರದೆ ಬಚ್ಚಿಡುವುದು. ಮನೆಯ ಭರಣಿಯೇ ಬೇರೆ, ವ್ಯಾಪಾರಿಯ ಗೋದಾಮೇ ಬೇರೆ.

ಇನ್ನೊಂದು ಮಾತು. ರಮಝಾನ್ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುತ್ತದೆ, ಹುಣಸೆಯ ಸುಗ್ಗಿ ಇದ್ದಲ್ಲೇ ಇರುತ್ತದೆ. ಚಂದ್ರ ಕಂಡ ಮೇಲೆ ಸಂತೆಗೆ ಓಡಿದರೆ ಹಲವು ವರ್ಷ ದುಬಾರಿ ದರವನ್ನೇ ಕೊಡಬೇಕಾಗುತ್ತದೆ. ಒಟ್ಟಿಗೆ ಹಣ ಹೊಂದದಿದ್ದರೆ ಮೂರು ನಾಲ್ಕು ಮನೆಯವರು ಸೇರಿ ಒಂದು ಮೂಟೆ ತಂದು ತೂಗಿ ಹಂಚಿಕೊಳ್ಳಿ. ತಕ್ಕಡಿ ಮಸೀದಿಯಲ್ಲಿದೆ, ಜುಮಾ ಮುಗಿದ ಮೇಲೆ ಕೇಳಿ.