ಎದೆಹಾಲುಣಿಸುವಿಕೆಯ ಆರಂಭದ ತೊಂದರೆಗಳು

ಹೆರಿಗೆಯಾದ ದಿನದಿಂದ ಸುಮಾರು ಆರು ವಾರಗಳವರೆಗೆ ತಾಯಿ ಮತ್ತು ಕೂಸು ಹಾಲೂಡುವಿಕೆಗೆ ಹೊಂದಿಕೊಳ್ಳುವಾಗ ಎದುರಾಗುವ ಅಡಚಣೆಗಳನ್ನು ಎದೆಹಾಲುಣಿಸುವಿಕೆಯ ಆರಂಭದ ತೊಂದರೆಗಳು ಎಂದು ಕರೆಯಲಾಗುತ್ತದೆ. ಕೂಸು ಮೊಲೆ ಹಿಡಿಯದಿರುವುದು, ಮೊಲೆತೊಟ್ಟು ಸೀಳುವುದು, ಎದೆ ಬಿಗಿದು ಬಾವು ಬರುವುದು ಮತ್ತು ಹಾಲು ಸಾಲುತ್ತಿಲ್ಲವೆಂಬ ಭಯ ಇವುಗಳಲ್ಲಿ ಮುಖ್ಯವಾದವು. ಬಹುಪಾಲು ತೊಂದರೆಗಳು ಕಾಯಿಲೆಗಳಲ್ಲ. ಸಕಾಲದಲ್ಲಿ ಸರಿಯಾದ ನೆರವು ದೊರೆತರೆ ಕೆಲವೇ ದಿನಗಳಲ್ಲಿ ನಿವಾರಣೆಯಾಗುತ್ತವೆ. ಆದರೆ ಆತುರದಲ್ಲಿ ಮಾಡುವ ತಪ್ಪು ಉಪಚಾರವು ಇಲ್ಲದ ಕೊರತೆಯನ್ನು ನಿಜವಾಗಿಯೇ ಉಂಟುಮಾಡಬಲ್ಲದು.

ಮಲಪ್ರಭಾ ನದಿಯ ದಂಡೆಯ ಮೇಲಿರುವ, ಗದಗ ಜಿಲ್ಲೆಯ ರೋಣ ತಾಲೂಕಿನ ಹೊಳೆಆಲೂರು ಮತ್ತು ಅದರ ಸುತ್ತಲಿನ ಸೀಮೆಯ ಬಾಣಂತನದ ರೂಢಿಗಳನ್ನು ಈ ಲೇಖನದಲ್ಲಿ ಉದಾಹರಣೆಯಾಗಿ ಬಳಸಲಾಗಿದೆ. ಉತ್ತರ ಕರ್ನಾಟಕದ ಇತರ ಭಾಗಗಳಲ್ಲಿಯೂ ಇವು ಹೆಚ್ಚುಕಡಿಮೆ ಹೀಗೆಯೇ ಇವೆ.

ಮೂರನೆಯ ರಾತ್ರಿ

ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಬರುವುದು ಈ ಭಾಗದ ವಾಡಿಕೆ. ಹೆರಿಗೆ ಮಾತ್ರ ಈಗ ಮನೆಯಲ್ಲಿ ಆಗುವುದು ಅಪರೂಪ. ಕರ್ನಾಟಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತವೆ. ಸಹಜ ಹೆರಿಗೆಯಾದ ತಾಯಿಯನ್ನು ಸರ್ಕಾರಿ ಆಸ್ಪತ್ರೆಯಲ್ಲಿ 48 ಗಂಟೆ ಇರಿಸಿಕೊಂಡು ಮನೆಗೆ ಕಳುಹಿಸುವುದು ನಿಯಮ. ಎದೆಯಲ್ಲಿ ಹಾಲು ತುಂಬಿ ಇಳಿಯುವುದಾದರೋ ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದ ನಡುವೆ. ಹೀಗಾಗಿ ನಿಜವಾದ ಇಕ್ಕಟ್ಟಿನ ಗಳಿಗೆ ದಾದಿಯರ ಎದುರಿನಲ್ಲಿ ಬರುವುದಿಲ್ಲ. ಮನೆಯ ಹೊರಸಿನ ಮೇಲೆ, ಕೂಸು ಅಳು ನಿಲ್ಲಿಸದ ಮೂರನೆಯ ರಾತ್ರಿಯಲ್ಲಿ ಬರುತ್ತದೆ. ‘ಕೂಸಿಗೆ ಹಾಲು ಸಾಲವಲ್ದು’ ಎಂಬ ಮಾತು ಹುಟ್ಟುವುದು ಆಗಲೇ. ಒಳಲೆಯಲ್ಲಿ ಆಕಳ ಹಾಲನ್ನೋ ಸಕ್ಕರೆ ನೀರನ್ನೋ ಹಾಕುವ ತೀರ್ಮಾನವೂ ಆಗಲೇ ಆಗುತ್ತದೆ. ತೀರ್ಮಾನ ಮಾಡುವವರು ಹೆಚ್ಚಾಗಿ ಹಿರಿಯ ಹೆಂಗಸರು. ಬಾಣಂತಿಯ ಅಭಿಪ್ರಾಯವನ್ನು ಕೇಳುವವರು ಕಡಿಮೆ.

ಹಾಲು ಉತ್ಪತ್ತಿಯಾಗುವ ಬಗೆ

ಗರ್ಭಿಣಿಯಾಗಿರುವಾಗಲೇ ಎದೆಯಲ್ಲಿ ಹಾಲು ಸಿದ್ಧವಾಗತೊಡಗಿರುತ್ತದೆ. ಹೆರಿಗೆಯ ನಂತರ ಮಾಸು ಬಿದ್ದಾಗ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ಪ್ರಮಾಣ ತಟ್ಟನೆ ಇಳಿಯುತ್ತದೆ. ಆಗ ಪ್ರೊಲ್ಯಾಕ್ಟಿನ್ ಹಾರ್ಮೋನು ಹಾಲಿನ ಉತ್ಪತ್ತಿಯನ್ನು ಹೆಚ್ಚಿಸುತ್ತದೆ. ಕೂಸು ಚೀಪಿದಾಗ ಬಿಡುಗಡೆಯಾಗುವ ಆಕ್ಸಿಟೋಸಿನ್ ಆ ಹಾಲನ್ನು ತೊಟ್ಟಿನ ಕಡೆಗೆ ಇಳಿಸುತ್ತದೆ. ನೋವು, ಅಂಜಿಕೆ ಮತ್ತು ಅವಮಾನಗಳು ಈ ಎರಡನೆಯ ಕ್ರಿಯೆಯನ್ನು ತಾತ್ಕಾಲಿಕವಾಗಿ ತಡೆಯುತ್ತವೆ. ಆದುದರಿಂದ ‘ನಿನಗೆ ಹಾಲೇ ಇಲ್ಲ’ ಎಂದು ಬಾಣಂತಿಯನ್ನು ಮೂದಲಿಸುವುದು ಕೇವಲ ನಿಷ್ಠುರದ ಮಾತಲ್ಲ, ಹಾಲು ಇಳಿಯುವುದಕ್ಕೆ ಒಂದು ಅಡ್ಡಿಯೂ ಹೌದು.

ಎದೆ ಎಷ್ಟು ಬರಿದಾಗುತ್ತದೆಯೋ ಅಷ್ಟು ಹಾಲು ಮತ್ತೆ ಉತ್ಪತ್ತಿಯಾಗುತ್ತದೆ. ತುಂಬಿದ ಎದೆಯಲ್ಲಿ ಉತ್ಪತ್ತಿ ನಿಧಾನವಾಗುತ್ತದೆ. ಕೂಸಿಗೆ ಹೊರಗಿನ ಹಾಲು ಹಾಕಿದಾಗ ಅದರ ಹಸಿವು ತಣಿದು ಅದು ಮೊಲೆಯನ್ನು ಕಡಿಮೆ ಚೀಪುತ್ತದೆ, ಎದೆ ತುಂಬಿಯೇ ಉಳಿಯುತ್ತದೆ, ಮರುದಿನದ ಹಾಲು ಇನ್ನಷ್ಟು ಕುಗ್ಗುತ್ತದೆ. ವಾರ ಕಳೆಯುವಷ್ಟರಲ್ಲಿ ಮನೆಯವರ ಭಯ ನಿಜವಾಗಿ ನಿಂತಿರುತ್ತದೆ.

ಮೊದಲ ಎರಡು ಮೂರು ದಿನ ಬರುವ ಹಳದಿ ಬಣ್ಣದ ದಪ್ಪನೆಯ ಹಾಲು ಗಿಣ್ಣುಹಾಲು. ಪ್ರಮಾಣದಲ್ಲಿ ಅಲ್ಪವಾದರೂ ಇದರಲ್ಲಿ ರೋಗನಿರೋಧಕ ಅಂಶಗಳು ಹೇರಳವಾಗಿರುತ್ತವೆ. ಮೊದಲ ದಿನ ಕೂಸಿಗೆ ಒಂದು ಹೊತ್ತಿಗೆ ಒಂದೆರಡು ಟೀ ಚಮಚದಷ್ಟು ಹಾಲು ಸಾಕಾಗುತ್ತದೆ. ಆಕಳು ಈದಾಗ ಅದರ ಗಿಣ್ಣವನ್ನು ಬೆಲ್ಲ ಹಾಕಿ ಕಾಯಿಸಿ ಓಣಿಗೆಲ್ಲ ಹಂಚುವ ಮನೆಗಳಲ್ಲಿಯೇ ತಾಯಿಯ ಗಿಣ್ಣುಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವ ರೂಢಿಯೂ ಇದ್ದುದು ಸೋಜಿಗದ ಸಂಗತಿ.

ಹುಟ್ಟಿದ ಒಂದು ಗಂಟೆಯೊಳಗೆ ಕೂಸಿಗೆ ಮೊಲೆಯುಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಇದು ಸಾಧ್ಯವಾದುದು ಶೇ. 41.8ರಷ್ಟು ಮಕ್ಕಳಿಗೆ ಮಾತ್ರ. ಆಸ್ಪತ್ರೆಯ ಹೆರಿಗೆ ಹೆಚ್ಚಿದಷ್ಟು ಇದು ಹೆಚ್ಚಿಲ್ಲ. ಸಿಸೇರಿಯನ್ ಆದ ತಾಯಂದಿರಲ್ಲಿ ಹಾಲು ಇಳಿಯುವುದು ಒಂದೆರಡು ದಿನ ತಡವಾಗಬಹುದು. ತಡವಾಗುವುದೆಂದರೆ ಬರುವುದೇ ಇಲ್ಲವೆಂದಲ್ಲ.

ಸಾಮಾನ್ಯ ತೊಂದರೆಗಳು ಮತ್ತು ಪರಿಹಾರ

ಕೂಸು ಮೊಲೆಯನ್ನು ಸರಿಯಾಗಿ ಕಚ್ಚಿ ಹಿಡಿಯದಿರುವುದೇ ಬಹುತೇಕ ತೊಂದರೆಗಳ ಮೂಲ. ಕೂಸು ಬರಿಯ ತೊಟ್ಟನ್ನು ಹಿಡಿದರೆ ಹಾಲು ಬರುವುದಿಲ್ಲ, ತೊಟ್ಟು ಸೀಳುತ್ತದೆ. ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಬಹುಪಾಲು ಬಾಯೊಳಗೆ ಹೋಗಬೇಕು. ಕೂಸಿನ ಬಾಯಿ ಅಗಲವಾಗಿ ತೆರೆದಿರುವುದು, ಕೆಳತುಟಿ ಹೊರಕ್ಕೆ ಮಡಚಿರುವುದು, ಗದ್ದ ಎದೆಗೆ ತಾಗಿರುವುದು, ಕಪ್ಪು ಭಾಗ ಕೆಳಗಿಗಿಂತ ಮೇಲೆ ಹೆಚ್ಚು ಕಾಣುವುದು ಸರಿಯಾದ ಹಿಡಿತದ ಗುರುತುಗಳು. ಕೂಸಿನ ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿದ್ದು, ಹೊಟ್ಟೆ ತಾಯಿಯ ಹೊಟ್ಟೆಗೆ ತಾಗಿರಬೇಕು. ತಾಯಿ ಕೂಸಿನ ಮೇಲೆ ಬಾಗುವ ಬದಲು ಗೋಡೆಗೆ ಒರಗಿ, ತೊಡೆಯ ಮೇಲೆ ದಿಂಬನ್ನೋ ಮಡಚಿದ ಕೌದಿಯನ್ನೋ ಇರಿಸಿಕೊಂಡು ಕೂಸನ್ನು ಎದೆಯ ಮಟ್ಟಕ್ಕೆ ಎತ್ತಿಕೊಳ್ಳುವುದು ಒಳ್ಳೆಯದು. ಮೊದಲ ಕೆಲವು ಚೀಪುವಿಕೆಯ ನಂತರವೂ ನೋವು ಮುಂದುವರಿದರೆ ಕಿರುಬೆರಳನ್ನು ಬಾಯಿಯ ಅಂಚಿನಲ್ಲಿ ತೂರಿಸಿ ಹಿಡಿತ ಬಿಡಿಸಿ, ಮತ್ತೆ ಹಿಡಿಸಬೇಕು.

ಸೀಳಿದ ತೊಟ್ಟಿಗೆ ಸಾಬೂನು ಹಚ್ಚಬಾರದು. ಹಾಲೂಡಿದ ಮೇಲೆ ಒಂದೆರಡು ಹನಿ ಎದೆಹಾಲನ್ನೇ ಸವರಿ ಗಾಳಿಗೆ ಆರಲು ಬಿಡುವುದು ಸಾಕು. ಹಿಡಿತ ಸರಿಪಡಿಸದೆ ಬರಿಯ ಮುಲಾಮಿನಿಂದ ಪ್ರಯೋಜನವಿಲ್ಲ. ತೊಟ್ಟು ಚಪ್ಪಟೆಯಾಗಿದ್ದರೂ ಕೂಸು ಹಾಲು ಕುಡಿಯಬಲ್ಲದು, ಏಕೆಂದರೆ ಅದು ಚೀಪುವುದು ತೊಟ್ಟನ್ನಲ್ಲ, ಎದೆಯ ಭಾಗವನ್ನು. ಒಳಸೇರಿದ ತೊಟ್ಟನ್ನು ಸಿರಿಂಜಿನಿಂದ ಮೆಲ್ಲಗೆ ಹೊರಸೆಳೆಯುವ ವಿಧಾನವನ್ನು ದಾದಿಯರಿಂದ ಕಲಿಯಬಹುದು.

ಮೂರರಿಂದ ಐದನೆಯ ದಿನದ ಸುಮಾರಿಗೆ ಎದೆ ಕಲ್ಲಿನಂತೆ ಬಿಗಿಯುವುದುಂಟು. ಇದಕ್ಕೆ ಮದ್ದೆಂದರೆ ಮತ್ತೆ ಮತ್ತೆ ಹಾಲೂಡುವುದೇ. ಬಿಗಿತದಿಂದ ಕೂಸಿಗೆ ಹಿಡಿಯಲಾಗದಿದ್ದರೆ ಸ್ವಲ್ಪ ಹಾಲನ್ನು ಕೈಯಿಂದ ಹಿಂಡಿ ತೆಗೆದು ಮೃದುವಾದ ಬಳಿಕ ಉಣಿಸಬೇಕು. ಹಾಲೂಡಿದ ನಂತರ ತಣ್ಣೀರಿನ ಬಟ್ಟೆ ಇಟ್ಟರೆ ಬಾವು ಇಳಿಯುತ್ತದೆ. ಎದೆಯ ಒಂದು ಭಾಗ ಕೆಂಪಾಗಿ, ಮುಟ್ಟಿದರೆ ನೋಯುತ್ತ, ಚಳಿಜ್ವರ ಬಂದರೆ ಅದು ಎದೆಯ ಉರಿಯೂತ, ವೈದ್ಯರನ್ನು ಕಾಣಬೇಕು. ಆಗಲೂ ಹಾಲೂಡುವುದನ್ನು ನಿಲ್ಲಿಸಬಾರದು. ನಿಲ್ಲಿಸಿದರೆ ಹಾಲು ಕಟ್ಟಿಕೊಂಡು ಕೀವಾಗುವ ಅಪಾಯ ಹೆಚ್ಚು. ವೈದ್ಯರು ಇಂತಹ ಸಂದರ್ಭದಲ್ಲಿ ಕೂಸಿಗೆ ಹಾನಿಯಾಗದ ಔಷಧಿಗಳನ್ನೇ ಆರಿಸಿ ಕೊಡುತ್ತಾರೆ.

ತೂಕ ಕಡಿಮೆಯಿದ್ದು ಚೀಪಲು ಶಕ್ತಿಯಿಲ್ಲದ ಕೂಸಿಗೆ ಹಿಂಡಿದ ಎದೆಹಾಲನ್ನು ಒಳಲೆ ಅಥವಾ ಚಮಚದಿಂದ ಕುಡಿಸಬಹುದು. ಕುದಿಸಿ ಶುಚಿಗೊಳಿಸಲು ಸುಲಭವಾದ ಒಳಲೆಯು ನಿಪ್ಪಲ್ ಬಾಟಲಿಗಿಂತ ಬಹುಪಾಲು ಸುರಕ್ಷಿತ. ನಮ್ಮ ಅಜ್ಜಿಯಂದಿರ ಈ ಸಾಧನವನ್ನು ನವಜಾತ ಶಿಶುಗಳ ಆರೈಕೆಯ ಘಟಕಗಳು ಇಂದಿಗೂ ಬಳಸುತ್ತವೆ. ಕೂಸನ್ನು ತಾಯಿಯ ಬರಿಯ ಎದೆಗೆ ಆನಿಸಿ ಹೊದಿಸುವ ಕಾಂಗರೂ ಆರೈಕೆಯಿಂದ ಕೂಸು ಬೆಚ್ಚಗಿರುವುದಲ್ಲದೆ ಹಾಲೂ ಹೆಚ್ಚುತ್ತದೆ.

ಹಾಲು ಸಾಲುತ್ತಿದೆಯೆ?

ಅಳುವುದೊಂದೇ ಹಸಿವಿನ ಗುರುತಲ್ಲ. ಎದೆ ಮೆತ್ತಗಿರುವುದೂ ಹಾಲಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಲೆಕ್ಕವಿಡಬೇಕಾದುದು ಉಚ್ಚೆಯನ್ನು ಮತ್ತು ತೂಕವನ್ನು. ಐದಾರನೆಯ ದಿನದಿಂದ ಕೂಸು ದಿನಕ್ಕೆ ಕನಿಷ್ಠ ಆರು ಸಲ ಉಚ್ಚೆ ಹೊಯ್ಯುತ್ತಿದ್ದರೆ, ಮೊದಲು ಕಪ್ಪಗಿದ್ದ ಮಲ ಹಳದಿ ಬಣ್ಣಕ್ಕೆ ತಿರುಗಿದ್ದರೆ ಹಾಲು ಸಾಲುತ್ತಿದೆ ಎಂದು ತಿಳಿಯಬಹುದು. ಹುಟ್ಟಿದ ತೂಕದಲ್ಲಿ ಮೊದಲ ದಿನಗಳಲ್ಲಿ ಶೇ. 7ರಿಂದ 10ರವರೆಗೆ ಇಳಿಯುವುದು ಸಹಜ; ಎರಡು ವಾರದೊಳಗೆ ಅದು ಮರಳಿ ಬರಬೇಕು. ದಿನವೊಂದಕ್ಕೆ ಎಂಟರಿಂದ ಹನ್ನೆರಡು ಸಲ, ರಾತ್ರಿಯೂ ಸೇರಿದಂತೆ, ಉಣಿಸುವುದು ಅಗತ್ಯ.

ಕೂಸು ಏಳದೆ ಮಲಗಿಯೇ ಇದ್ದರೆ, ಮೊಲೆ ಹಿಡಿಯಲು ನಿರಾಕರಿಸಿದರೆ, ಉಚ್ಚೆ ಕಡಿಮೆಯಾದರೆ, ಕಾಮಾಲೆಯ ಹಳದಿ ಅಂಗೈ ಅಂಗಾಲುಗಳವರೆಗೆ ಹಬ್ಬಿದರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ವಾಹನಕ್ಕೆ 108, ಸಲಹೆಗೆ 104 ಸಂಖ್ಯೆಗೆ ಕರೆ ಮಾಡಬಹುದು. ಕೆಲವರಲ್ಲಿ ನಿಜವಾಗಿಯೂ ಹಾಲು ಕಡಿಮೆ ಇರುತ್ತದೆ. ಹೆರಿಗೆಯಲ್ಲಿ ಅತಿಯಾದ ರಕ್ತಸ್ರಾವ, ಮಾಸಿನ ತುಣುಕು ಒಳಗೆ ಉಳಿದಿರುವುದು, ಥೈರಾಯ್ಡ್ ದೋಷ ಇದಕ್ಕೆ ಕಾರಣವಾಗಬಹುದು. ಅಂತಹ ಸಂದರ್ಭದಲ್ಲಿ ವೈದ್ಯರ ಸಲಹೆಯಂತೆ ಪೂರಕ ಹಾಲು ಕೊಡುವುದು ತಾಯಿಯ ಸೋಲಲ್ಲ.

ರೂಢಿಗಳು: ಒಳಿತು, ಕೆಡುಕು

ಈ ಸೀಮೆಯ ಬಾಣಂತನದಲ್ಲಿ ಮೆಚ್ಚತಕ್ಕ ಅಂಶಗಳು ಹಲವಿವೆ. ಬಾಣಂತಿಗೆ ತಿಂಗಳುಗಟ್ಟಲೆ ವಿಶ್ರಾಂತಿ, ಎಣ್ಣೆ ನೀರು, ಅಳವಿ ಪಾಯಸ, ಅಂಟಿನ ಉಂಡಿ, ಬಳ್ಳೊಳ್ಳಿ, ಸಬ್ಬಸಿಗೆ, ತುಪ್ಪ ಹಾಕಿದ ಬಿಸಿ ಅನ್ನ ಇವೆಲ್ಲ ಅವಳ ಬಳಲಿಕೆಯನ್ನು ನೀಗುತ್ತವೆ. ಯಾವುದೇ ಪದಾರ್ಥ ತಾನಾಗಿಯೇ ಹಾಲು ಹೆಚ್ಚಿಸುತ್ತದೆಂದು ಖಚಿತವಾಗಿ ಹೇಳಲಾಗದಿದ್ದರೂ, ಹೊಟ್ಟೆ ತುಂಬ ಉಂಡು ನೆಮ್ಮದಿಯಾಗಿರುವ ತಾಯಿಗೆ ಹಾಲೂಡುವುದು ಹಗುರವೆನಿಸುತ್ತದೆ.

ಕೆಡುಕು ಮಾಡುವ ರೂಢಿಗಳಲ್ಲಿ ಬಾಣಂತಿಗೆ ನೀರು ಕಡಿಮೆ ಕೊಡುವುದು ಒಂದು. ಕೂಸಿಗೆ ಜೇನುತುಪ್ಪ ನೆಕ್ಕಿಸುವುದು, ಬಜೆ ತೇಯ್ದು ಹಾಕುವುದು, ಹರಳೆಣ್ಣೆ ಕುಡಿಸುವುದು ಅದಕ್ಕಿಂತ ಅಪಾಯಕರ. ವರ್ಷ ತುಂಬದ ಮಕ್ಕಳಲ್ಲಿ ಜೇನುತುಪ್ಪವು ಬೊಟುಲಿಸಮ್ ಎಂಬ ಮಾರಕ ವಿಷಬಾಧೆಗೆ ಕಾರಣವಾಗಬಲ್ಲದು. ಎರೆಭೂಮಿಯ ಬಿರುಬೇಸಿಗೆಯಲ್ಲಿ ಕೂಸಿನ ಬಾಯಿ ಒಣಗೀತೆಂದು ನೀರು ಕುಡಿಸುವವರಿದ್ದಾರೆ. ಎದೆಹಾಲಿನಲ್ಲಿ ನೂರಕ್ಕೆ ಸುಮಾರು 88 ಪಾಲು ನೀರೇ ಇರುವುದರಿಂದ ಆರು ತಿಂಗಳವರೆಗೆ ಬೇರೆ ನೀರು ಬೇಕಿಲ್ಲ. ಬೇಸಿಗೆಯಲ್ಲಿ ಇನ್ನೆರಡು ಸಲ ಹೆಚ್ಚು ಉಣಿಸಿದರಾಯಿತು.

ದೊರೆಯುವ ನೆರವು

ಆಶಾ ಕಾರ್ಯಕರ್ತೆಯರು ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ 3, 7, 14, 21, 28 ಮತ್ತು 42ನೆಯ ದಿನ ಭೇಟಿ ನೀಡಬೇಕೆಂಬ ನಿಯಮವಿದೆ. ಮೂರನೆಯ ದಿನದ ಭೇಟಿ ಮೇಲೆ ಹೇಳಿದ ಇಕ್ಕಟ್ಟಿನ ಗಳಿಗೆಗೇ ಹೊಂದುವುದರಿಂದ ಅದರ ಬೆಲೆ ಹೆಚ್ಚು. ಆ ದಿನ ಕೂಸು ಹಾಲು ಕುಡಿಯುವುದನ್ನು ಎದುರಿಗೆ ಕುಳಿತು ನೋಡಬೇಕೆಂದು ಮನೆಯವರೇ ಅವರನ್ನು ಕೇಳಿಕೊಳ್ಳಬಹುದು. ಕೇಂದ್ರ ಸರ್ಕಾರದ ‘ಮಾ’ ಕಾರ್ಯಕ್ರಮ 2016ರಲ್ಲಿ ಆರಂಭವಾಯಿತು. 2017ರ ಅಕ್ಟೋಬರ್ 2ರಂದು ಜಾರಿಗೆ ಬಂದ ಕರ್ನಾಟಕದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ನೀಡಲಾಗುತ್ತದೆ. ಹಸಿ ಬಾಣಂತಿ ಹೊಸಿಲು ದಾಟಬಾರದೆಂಬ ಕಟ್ಟಳೆಯಿರುವ ಮನೆಗಳಲ್ಲಿ ಆ ಊಟ ಅವಳಿಗೆ ತಲುಪುವುದು ಕಷ್ಟ. 2017ರ ತಿದ್ದುಪಡಿಯಂತೆ ಸಂಬಳದ ನೌಕರಿಯಲ್ಲಿರುವ ತಾಯಿಗೆ 26 ವಾರಗಳ ಹೆರಿಗೆ ರಜೆಯುಂಟು. ಕಡಲೆ, ಹೆಸರಿನ ಹೊಲಗಳಲ್ಲಿ ಕೂಲಿ ಮಾಡುವವಳಿಗೆ ಅಂತಹ ರಜೆಯಿಲ್ಲ. ಅವಳು ಕೆಲಸಕ್ಕೆ ಮರಳುವಾಗ ಹಾಲನ್ನು ಹಿಂಡಿ ಮುಚ್ಚಿದ ಸ್ಟೀಲ್ ಪಾತ್ರೆಯಲ್ಲಿ ತಂಪಾದ ಜಾಗದಲ್ಲಿ ಇಡಬಹುದು. ನಾಲ್ಕು ತಾಸಿನೊಳಗೆ ಅದನ್ನು ಬಳಸಬೇಕು.

ಪುಡಿಹಾಲು ಮತ್ತು ಹಾಲಿನ ಬಾಟಲಿಗಳ ಜಾಹೀರಾತನ್ನು 1992ರ ಕಾಯಿದೆ ನಿಷೇಧಿಸಿದೆ. 2003ರಲ್ಲಿ ಅದನ್ನು ಮತ್ತಷ್ಟು ಬಿಗಿಗೊಳಿಸಲಾಯಿತು. ಆಗಸ್ಟ್ 1ರಿಂದ 7ರವರೆಗೆ ವಿಶ್ವ ಸ್ತನ್ಯಪಾನ ಸಪ್ತಾಹವನ್ನು ಆಚರಿಸಲಾಗುತ್ತದೆ.

ಹೆರಿಗೆಯ ನಂತರ ಕೆಲವು ದಿನ ಸುಮ್ಮಸುಮ್ಮನೆ ಅಳು ಬರುವುದು ಸಾಮಾನ್ಯ. ಎರಡು ವಾರ ಮೀರಿದರೂ ಮಂಕು ಕಳೆಯದೆ, ಕೂಸನ್ನು ಎತ್ತಿಕೊಳ್ಳಲೂ ಮನಸ್ಸಾಗದಿದ್ದರೆ ಅದು ಸೋಂಬೇರಿತನವಲ್ಲ, ಗಾಳಿ ಸೋಂಕೂ ಅಲ್ಲ. ಚಿಕಿತ್ಸೆಯಿಂದ ಗುಣವಾಗುವ ಖಿನ್ನತೆ.

ಪ್ರವಾಹದ ಸಮಯದಲ್ಲಿ

2009ರ ಅಕ್ಟೋಬರ್ ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಮಲಪ್ರಭೆ ಉಕ್ಕಿ ಹರಿದು ರೋಣ, ನರಗುಂದ ತಾಲೂಕುಗಳ ನದಿತೀರದ ಹಳ್ಳಿಗಳಿಗೆ ನೀರು ನುಗ್ಗಿತು. ಇಂತಹ ವೇಳೆಯಲ್ಲಿ ಪುಡಿಹಾಲಿನ ಕೂಸಿಗೆ ಅಪಾಯ ಹೆಚ್ಚು: ಶುದ್ಧ ನೀರಿಲ್ಲ, ಕುದಿಸಲು ಒಲೆಯಿಲ್ಲ, ಭೇದಿ ಬಲುಬೇಗ ಹರಡುತ್ತದೆ. ಗಾಬರಿಯಿಂದ ಹಾಲು ಇಳಿಯುವುದು ಸ್ವಲ್ಪ ಹೊತ್ತು ತಡೆದರೂ ಎದೆಯಲ್ಲಿ ಹಾಲು ಬತ್ತಿಹೋಗುವುದಿಲ್ಲ. ಪರಿಹಾರ ಕೇಂದ್ರದಲ್ಲಿ ಬಾಣಂತಿಯರಿಗೆ ಮರೆಯಾದ ಒಂದು ಮೂಲೆ, ಕುಡಿಯಲು ನೀರು, ಎರಡು ಹೊತ್ತಿನ ಊಟ ಒದಗಿಸಿ, ಕೂಸನ್ನು ಪದೇಪದೇ ಎದೆಗೆ ಹಚ್ಚಲು ಅನುವು ಮಾಡಿಕೊಡಬೇಕು. ಹೊರಗಿನ ಹಾಲಿಗೆ ಬಿದ್ದು ಎದೆಹಾಲು ಕುಗ್ಗಿದ್ದ ತಾಯಂದಿರಲ್ಲಿಯೂ ಹೀಗೆ ಕೆಲವು ದಿನಗಳಿಂದ ಕೆಲವು ವಾರಗಳೊಳಗೆ ಹಾಲು ಮತ್ತೆ ಬರುವುದುಂಟು.