ಎಂಟನೇ ತರಗತಿಯಲ್ಲೇ ತೀರ್ಮಾನವಾಗುವ ಎಸ್ಸೆಸ್ಸೆಲ್ಸಿ

2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89. ಮರುವರ್ಷ ನಕಲು ತಡೆಯಲು ಪರೀಕ್ಷಾ ಕೊಠಡಿಗಳಲ್ಲಿ ವೆಬ್‌ಕಾಸ್ಟಿಂಗ್ ಶುರುವಾಯಿತು. ಕೃಪಾಂಕವನ್ನು ಧಾರಾಳವಾಗಿ ಏರಿಸಿದರೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಆ ಹೆಚ್ಚುವರಿ ಕೃಪಾಂಕವನ್ನು ಕೈಬಿಟ್ಟ 2025ರ ಮೊದಲ ಪರೀಕ್ಷೆಯಲ್ಲಿ ಶೇ 62.34 ಆಯಿತು. ಎರಡೇ ವರ್ಷದಲ್ಲಿ ಮಕ್ಕಳ ಬುದ್ಧಿಯಾಗಲಿ ಮೇಷ್ಟರ ಪಾಠವಾಗಲಿ ಇಷ್ಟು ಕೆಡುವುದಿಲ್ಲ. ಮೊದಲೇ ಇದ್ದದ್ದು ಈಗ ಕಣ್ಣಿಗೆ ಬಿತ್ತು, ಅಷ್ಟೇ. ಅದೇ 2025ರ ಪಟ್ಟಿಯಲ್ಲಿ ದಕ್ಷಿಣ ಕನ್ನಡ ಶೇ 91.12ರೊಂದಿಗೆ ಮೊದಲಿದ್ದರೆ ಕಲಬುರಗಿ ಶೇ 42.43ರೊಂದಿಗೆ ಕೊನೆಯಲ್ಲಿತ್ತು. ಇಂಥ ಫಲಿತಾಂಶ ಬಂದಾಗಲೆಲ್ಲ ನಡೆಯುವುದು ಗೊತ್ತಿರುವುದೇ: ಕಾರಣ ಕೇಳಿ ನೋಟಿಸು, ಬೆಳಿಗ್ಗೆ ಸಂಜೆ ವಿಶೇಷ ತರಗತಿ, ಸರಣಿ ಪರೀಕ್ಷೆ, ‘ಪಾಸಿಂಗ್ ಪ್ಯಾಕೇಜ್’. ಎಲ್ಲವೂ ಹತ್ತನೇ ತರಗತಿಗೆ. ಇದು ಯುದ್ಧಕಾಲದ ಶಸ್ತ್ರಾಭ್ಯಾಸ. ಪ್ರೌಢಶಾಲೆಯ ಕಲಿಕೆಯನ್ನು ನಿರ್ಧರಿಸುವ ಸಂಗತಿಗಳಲ್ಲಿ ಶಾಲೆಯ ಕೈಯಲ್ಲೇ ಇರುವ ಅತಿ ದೊಡ್ಡದು, ಎಂಟನೇ ತರಗತಿಗೆ ಬಂದ ಮಗು ನಿಜವಾಗಿ ಎಲ್ಲಿದೆ ಎಂದು ನೋಡಿ ಅಲ್ಲಿಂದ ಪಾಠ ಹಿಡಿಯುವುದು ಎಂಬುದು ನನ್ನ ವಾದ.

ಮೊದಲ ಆಕ್ಷೇಪ ಹಳೆಯದು ಮತ್ತು ಗಟ್ಟಿಯಾದದ್ದು: ಓದು ಬರುವುದು ಮನೆಯಿಂದ, ಶಾಲೆಯದೇನಿದೆ? 1966ರಲ್ಲಿ ಅಮೆರಿಕದಲ್ಲಿ ಬಂದ ಕೋಲ್ಮನ್ ವರದಿ ಹೆಚ್ಚುಕಡಿಮೆ ಇದನ್ನೇ ಹೇಳಿತ್ತು. ಮಕ್ಕಳ ಸಾಧನೆಯ ವ್ಯತ್ಯಾಸಕ್ಕೆ ಶಾಲೆಯ ಸೌಕರ್ಯಕ್ಕಿಂತ ಕುಟುಂಬದ ಹಿನ್ನೆಲೆಯೇ ಹೆಚ್ಚು ಕಾರಣ ಎಂದು. ಕರಾವಳಿಯಲ್ಲಿ ತಲೆಮಾರುಗಳಿಂದ ಅಕ್ಷರ ಇದೆ, ಕಲ್ಯಾಣ ಕರ್ನಾಟಕದ ಅನೇಕ ಮನೆಗಳಲ್ಲಿ ಓದುತ್ತಿರುವವರೇ ಮೊದಲ ತಲೆಮಾರು, ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ಹೈನ್‌ಮನ್ ಮತ್ತು ಲಾಕ್ಸ್‌ಲಿ ಎಂಬ ಸಂಶೋಧಕರು 1983ರಲ್ಲಿ ಹಲವು ದೇಶಗಳನ್ನು ಹೋಲಿಸಿದಾಗ, ದೇಶ ಬಡವಾದಷ್ಟೂ ಶಾಲೆ ಮತ್ತು ಶಿಕ್ಷಕರ ಪಾತ್ರ ದೊಡ್ಡದಾಗುತ್ತ ಹೋಗುತ್ತದೆ ಎಂದು ಕಂಡುಬಂತು. ಅದು ಸಹಜವೇ. ಮನೆಯಲ್ಲಿ ಬೀಜಗಣಿತ ಹೇಳಿಕೊಡುವವರಿಲ್ಲದ ಮಗುವಿಗೆ ಶಾಲೆಯಲ್ಲಿ ಸಿಕ್ಕಷ್ಟೇ ಬೀಜಗಣಿತ. ಮೈಕೆಲ್ ರಟರ್ ಮತ್ತು ಸಂಗಡಿಗರು ಲಂಡನ್ನಿನ 12 ಪ್ರೌಢಶಾಲೆಗಳನ್ನು ವರ್ಷಗಟ್ಟಲೆ ಗಮನಿಸಿ 1979ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಮಾತನ್ನು ಸೇರಿಸಿತು. ಒಂದೇ ಬಗೆಯ ಮಕ್ಕಳನ್ನು ಸೇರಿಸಿಕೊಂಡ ಶಾಲೆಗಳ ಫಲಿತಾಂಶದಲ್ಲೂ ಗಣನೀಯ ಅಂತರವಿತ್ತು. ಕಟ್ಟಡದ ವಯಸ್ಸು, ಶಾಲೆಯ ಗಾತ್ರ ಲೆಕ್ಕಕ್ಕೇ ಬರಲಿಲ್ಲ. ಪಾಠ ಹೊತ್ತಿಗೆ ಸರಿಯಾಗಿ ಶುರುವಾಗುತ್ತದೆಯೇ, ಮನೆಗೆಲಸ ಕೊಟ್ಟು ತಿದ್ದುತ್ತಾರೆಯೇ, ಮಕ್ಕಳನ್ನು ಮೆಚ್ಚಿ ಮಾತಾಡುತ್ತಾರೆಯೇ, ಶಿಕ್ಷಕರು ಕೂಡಿ ಯೋಜಿಸುತ್ತಾರೆಯೇ ಎಂಬಂಥವೇ ಲೆಕ್ಕಕ್ಕೆ ಬಂದವು. ಸುಣ್ಣಬಣ್ಣ, ಸ್ಮಾರ್ಟ್ ಬೋರ್ಡುಗಳ ಉದ್ಘಾಟನೆಯ ಫೋಟೊ ನೋಡಿದಾಗ ಈ ಪಟ್ಟಿ ನೆನಪಿಗೆ ಬಂದರೆ ತಪ್ಪಲ್ಲ.

ಎಂಟಕ್ಕೆ ಬಂದ ಮಗು ಎಲ್ಲಿರುತ್ತದೆ? ಗ್ರಾಮೀಣ ಭಾರತದ 14ರಿಂದ 18ರ ವಯಸ್ಸಿನವರ ಬಗ್ಗೆ ‘ಅಸರ್’ (ಶಿಕ್ಷಣ ಸ್ಥಿತಿಯ ವಾರ್ಷಿಕ ವರದಿ) 2023ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಸುಮಾರು ಕಾಲುಭಾಗದವರಿಗೆ ತಮ್ಮ ಭಾಷೆಯ ಎರಡನೇ ತರಗತಿ ಮಟ್ಟದ ಪಠ್ಯ ಸರಾಗವಾಗಿ ಓದಲಾಗಲಿಲ್ಲ. ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ ಅರ್ಧಕ್ಕಿಂತ ಹೆಚ್ಚು ಜನರಿಗೆ ಬರಲಿಲ್ಲ. ಸಂಶೋಧಕರಾದ ಕಾರ್ತಿಕ್ ಮುರಳೀಧರನ್, ಅಭಿಜಿತ್ ಸಿಂಗ್, ಅಲೆಹಾಂದ್ರೊ ಗಾನಿಮಿಯನ್ ದೆಹಲಿಯಲ್ಲಿ 6ರಿಂದ 9ನೇ ತರಗತಿ ಮಕ್ಕಳನ್ನು ಅಳೆದರು. ಗಣಿತದಲ್ಲಿ ಆರನೇ ತರಗತಿಯ ಸರಾಸರಿ ಮಗು ಎರಡೂವರೆ ತರಗತಿ ಹಿಂದಿತ್ತು. ಒಂಬತ್ತರ ಹೊತ್ತಿಗೆ ಆ ಅಂತರ ನಾಲ್ಕೂವರೆ. ಅದಕ್ಕಿಂತ ಮುಖ್ಯವಾದದ್ದು, ಎಂದಿನ ಪಾಠವಷ್ಟೇ ಸಿಕ್ಕ ಗುಂಪಿನಲ್ಲಿ ಹಿಂದುಳಿದ ಮೂರನೇ ಒಂದು ಭಾಗದ ಕಲಿಕೆ ಒಂದಿಷ್ಟೂ ಮುಂದೆ ಸರಿದಿರಲಿಲ್ಲ. ಅವರವರ ಮಟ್ಟಕ್ಕೆ ಹೊಂದಿಸಿ ಕಲಿಸಿದ ಗುಂಪಿನಲ್ಲಿ ಐದು ತಿಂಗಳೂ ತುಂಬುವ ಮೊದಲೇ ಸ್ಪಷ್ಟ ಏರಿಕೆ ಕಂಡಿತು. ಅಲ್ಲಿ ಬಳಸಿದ್ದು ಕಂಪ್ಯೂಟರ್ ತಂತ್ರಾಂಶ ಮತ್ತು ಶಾಲೆ ಬಿಟ್ಟ ಮೇಲಿನ ಹೆಚ್ಚುವರಿ ಸಮಯ, ಹಾಗಾಗಿ ಅದನ್ನು ನಮ್ಮ ಹಳ್ಳಿಯ ಶಾಲೆಗೆ ನೇರವಾಗಿ ಎತ್ತಿ ಕೂರಿಸಲಾಗದು. ಆದರೂ, ಅರ್ಥವಾಗದ ಪಾಠವನ್ನು ಇನ್ನಷ್ಟು ಕೇಳಿಸಿದರೆ ಕಲಿಕೆ ಹೆಚ್ಚುವುದಿಲ್ಲ ಎಂಬ ಮಾತು ಅಲ್ಲಿಗೂ ಇಲ್ಲಿಗೂ ಒಂದೇ.

ಇಲ್ಲಿ ಶಿಕ್ಷಕರು ಕೇಳುವ ಪ್ರಶ್ನೆ ನ್ಯಾಯವಾದದ್ದು: ಭಾಗಾಕಾರ ಕಲಿಸುತ್ತ ಕೂತರೆ ಪೋರ್ಷನ್ ಮುಗಿಸುವವರು ಯಾರು, ಮುಂದಿರುವ ಮಕ್ಕಳ ಗತಿಯೇನು? ವರ್ಷದ ಮೊದಲಲ್ಲಿ ಹಿಂದಿನ ಕಲಿಕೆಯನ್ನು ಜೋಡಿಸುವ ‘ಸೇತುಬಂಧ’ ಇದೆ ನಿಜ. ಆದರೆ ಏಳು ವರ್ಷದ ಬಾಕಿ ಕೆಲವು ದಿನಗಳಲ್ಲಿ ತೀರುವಂಥದ್ದಲ್ಲ. ದಿನಕ್ಕೆ ಒಂದು ಪೀರಿಯಡ್ ಮಾತ್ರ ಮಕ್ಕಳನ್ನು ತರಗತಿ ಬಿಟ್ಟು ಮಟ್ಟದ ಪ್ರಕಾರ ಕೂರಿಸಿದರೆ ಉಳಿದ ಪೀರಿಯಡ್‌ಗಳಲ್ಲಿ ಪಠ್ಯ ಎಂದಿನಂತೆ ನಡೆಯುತ್ತದೆ. ‘ದಡ್ಡರ ಗುಂಪು’ ಎಂಬ ಹಣೆಪಟ್ಟಿಯ ಭಯವೂ ಸುಳ್ಳಲ್ಲ. ಗಣಿತಕ್ಕೊಂದು, ಕನ್ನಡಕ್ಕೊಂದು ಗುಂಪು ಮಾಡಿ ಆಗಾಗ ಬದಲಿಸುತ್ತಿದ್ದರೆ ಅದು ಅಂಟಿಕೊಳ್ಳುವುದು ಕಡಿಮೆಯಾದೀತು, ಪೂರ್ತಿ ಹೋಗದು.

ಶಿಕ್ಷಕರೇ ಇಲ್ಲದ ಕಡೆ ಈ ಮಾತೆಲ್ಲ ಗಾಳಿಗೆ. 150 ಮಕ್ಕಳಿಗೆ ಐವರು ಶಿಕ್ಷಕರಿದ್ದರೆ 30ಕ್ಕೆ ಒಬ್ಬರೆಂಬ ಅನುಪಾತ ಕಾಗದದ ಮೇಲೆ ಸರಿಯಾಗುತ್ತದೆ. ಆ ಐವರಲ್ಲಿ ಗಣಿತದವರು ಒಬ್ಬರೂ ಇಲ್ಲ ಎಂಬುದು ಅನುಪಾತದಲ್ಲಿ ಕಾಣುವುದಿಲ್ಲ. ಅತಿಥಿ ಶಿಕ್ಷಕರು ಶಾಲೆ ಶುರುವಾದ ಮೇಲೆ ಬಂದು, ವರ್ಷ ಮುಗಿಯುತ್ತಲೇ ಹೋಗುತ್ತಾರೆ. ಎಂಟರಲ್ಲಿ ಕಂಡ ಮಗುವನ್ನು ಹತ್ತರವರೆಗೆ ಬಲ್ಲವರು ಯಾರೂ ಉಳಿಯುವುದಿಲ್ಲ. ಖಾಯಂ ನೇಮಕಕ್ಕೆ ಬದಲಿಯಾಗಬಲ್ಲ ವಿಧಾನ ಯಾವುದೂ ಇಲ್ಲ.

ಶಿಕ್ಷಕರು ಇರುವ ಶಾಲೆಗಳಲ್ಲೂ ಮಟ್ಟ ನೋಡಿ ಕಲಿಸುವುದು ಏಕೆ ನಡೆಯುತ್ತಿಲ್ಲ ಎಂದರೆ, ಮುಖ್ಯಶಿಕ್ಷಕರಿಂದ ಹಿಡಿದು ಜಿಲ್ಲೆಯ ಉಪನಿರ್ದೇಶಕರವರೆಗೆ (ಡಿಡಿಪಿಐ) ಎಲ್ಲರನ್ನೂ ಅಳೆಯುವುದು ಈ ವರ್ಷದ ಶೇಕಡಾವಾರಿನಿಂದ. ಎಂಟನೇ ತರಗತಿಯಲ್ಲಿ ಪಟ್ಟ ಶ್ರಮ ಎರಡು ವರ್ಷ ಕಳೆದ ಮೇಲೆ ಕಾಣಬೇಕು, ಅಷ್ಟರಲ್ಲಿ ವರ್ಗಾವಣೆ ಆಗಿರುತ್ತದೆ. ಎಷ್ಟು ಮಕ್ಕಳು ಪಾಸಾದರು ಎಂಬುದರ ಪಕ್ಕದಲ್ಲೇ, ಅದೇ ಮಕ್ಕಳು ಎಂಟಕ್ಕೆ ಬಂದಾಗ ಎಲ್ಲಿದ್ದರು ಎಂಬುದನ್ನೂ ಇಲಾಖೆ ಪ್ರಕಟಿಸಲಿ. ಶಾಲೆಗಳು ಆರಂಭದ ಮಟ್ಟವನ್ನು ಬೇಕೆಂದೇ ಕೆಳಗೆ ತೋರಿಸಬಹುದು ಎಂಬ ಅನುಮಾನವಿದ್ದರೆ ಆ ಪರೀಕ್ಷೆಯನ್ನು ಪಕ್ಕದ ಶಾಲೆಯ ಶಿಕ್ಷಕರು ನಡೆಸಲಿ. ಓದಲು ಬಾರದೆ ಬಂದವರನ್ನು ಪಾಸಿನ ಗಡಿ ಮುಟ್ಟಿಸಿದ ಯಾದಗಿರಿಯ ಶಾಲೆಯೊಂದು ಅಂಥ ಪಟ್ಟಿಯಲ್ಲಿ, ಕಲಿತು ಬಂದ ಮಕ್ಕಳಿಂದಲೇ ಶೇ 95 ತೆಗೆದ ನಗರದ ಶಾಲೆಗಿಂತ ಮೇಲೆ ನಿಲ್ಲಬಹುದು.